ಟ್ಯುಟೋರಿಯಲ್ಲೋ ಪ್ರಾಜೆಕ್ಟೋ? ಪ್ರೋಗ್ರಾಮಿಂಗ್ ಕಲಿಯುವವರು ಯಾವಾಗ ಯಾವುದಕ್ಕೆ ಕೈ ಹಾಕಬೇಕು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ನಲವತ್ತು ವಿಡಿಯೋ ನೋಡಿ ಮುಗಿಸಿರುತ್ತೀರಿ. ನೋಡುವಾಗ ಎಲ್ಲವೂ ಅರ್ಥವಾಗಿರುತ್ತದೆ. ಖಾಲಿ ಫೈಲ್ ತೆರೆದು ಕೂತರೆ ಮಾತ್ರ ಮೊದಲ ಸಾಲು ಏನು ಬರೆಯಬೇಕೆಂದೇ ಹೊಳೆಯುವುದಿಲ್ಲ. ಇನ್ನು ಕೆಲವರದು ಇದಕ್ಕೆ ಉಲ್ಟಾ. ಕಲಿಯಲು ಶುರುಮಾಡಿದ ವಾರವೇ ಊಟ ತರಿಸುವ ಆ್ಯಪ್ ಮಾಡುತ್ತೇನೆಂದು ಹೊರಟು, ಲಾಗಿನ್ ಪುಟದಲ್ಲೇ ಮೂರು ವಾರ ಕಳೆದು, ಬೇಸತ್ತು ಲ್ಯಾಪ್‌ಟಾಪ್ ಮುಚ್ಚಿಡುತ್ತಾರೆ.

ಎರಡೂ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಈ ಹೊತ್ತಿಗೆ ಯಾವುದು ಬೇಕು ಅನ್ನುವುದೇ ತಿಳಿಯದೆ ಕಷ್ಟವಾಗುವುದು. ಅದಕ್ಕೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನನಗೆ ಬೇಕಾಗಿರುವುದರ ಹೆಸರು ನನಗೆ ಗೊತ್ತಿದೆಯೇ? ನಾನು ತಪ್ಪು ಮಾಡಿದರೆ ಕಂಪ್ಯೂಟರ್ ಕೂಗಿ ಹೇಳುತ್ತದೆಯೇ, ಇಲ್ಲ ಸುಮ್ಮನಿರುತ್ತದೆಯೇ?

ಹೆಸರೇ ಗೊತ್ತಿಲ್ಲದಿದ್ದರೆ ಟ್ಯುಟೋರಿಯಲ್‌ಗೆ ಹೋಗಿ. ಹೆಸರು ಗೊತ್ತಿದ್ದು ಕೈ ಓಡದಿದ್ದರೆ ಪ್ರಾಜೆಕ್ಟ್ ಹಿಡಿಯಿರಿ. ತಪ್ಪಾದ ಕೂಡಲೇ ಎರರ್ ಬರುವ ವಿಷಯಗಳನ್ನು ಧೈರ್ಯವಾಗಿ ಪ್ರಾಜೆಕ್ಟಿನಲ್ಲೇ ಕಲಿಯಬಹುದು, ಎರರ್ ಬಂದಾಗಲೆಲ್ಲ ಪಾಠ ಆಗುತ್ತದೆ. ತಪ್ಪಾಗಿದ್ದರೂ ಪ್ರೋಗ್ರಾಂ ಓಡುತ್ತಲೇ ಇರುವ ವಿಷಯಗಳನ್ನು ಮಾತ್ರ ಮೊದಲು ತಿಳಿದವರಿಂದ ಕಲಿತೇ ಮುಟ್ಟಬೇಕು. ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಿಮೆ. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಅದರ ಮೇಲೇ ನಿಂತಿದೆ.

ಮೊದಲ ಹದಿನೈದು ಗಂಟೆ

ಏನೂ ಗೊತ್ತಿಲ್ಲದೆ ಶುರುಮಾಡುವವರಿಗೆ ಮೊದಲು ಟ್ಯುಟೋರಿಯಲ್ಲೇ ಬೇಕು. ಆದರೆ ಅದಕ್ಕೊಂದು ಮಿತಿ ಇರಲಿ, ಹನ್ನೆರಡರಿಂದ ಹದಿನೈದು ಗಂಟೆ ಸಾಕು. ವೇರಿಯಬಲ್, ಅಂಕಿ ಮತ್ತು ಅಕ್ಷರದ ವ್ಯತ್ಯಾಸ, ಇಫ್, ಲೂಪ್, ಲಿಸ್ಟ್, ಡಿಕ್ಷನರಿ, ಫಂಕ್ಷನ್, ಫೈಲ್ ಓದುವುದು ಮತ್ತು ಬರೆಯುವುದು, ಇಷ್ಟು ಈ ಅವಧಿಯಲ್ಲಿ ಮುಗಿಯಬೇಕು. ಕ್ಲಾಸ್, ಡೆಕೊರೇಟರ್, ವೆಬ್ ಫ್ರೇಮ್‌ವರ್ಕ್ ಆಮೇಲೆ ನೋಡಿಕೊಳ್ಳೋಣ.

ಟ್ಯುಟೋರಿಯಲ್ ಆರಿಸುವಾಗ ಮೊದಲು ಅದರ ವಯಸ್ಸು ನೋಡಿ. ಪ್ರಿಂಟ್ ಎಂದು ಬರೆದ ಮೇಲೆ ಆವರಣ ಚಿಹ್ನೆ ಹಾಕದಿದ್ದರೆ ಅದು ಪೈಥಾನ್ 2ರ ಪಾಠ. ಆ ಆವೃತ್ತಿಯ ಬೆಂಬಲ 2020ರ ಜನವರಿ 1ಕ್ಕೇ ನಿಂತುಹೋಗಿದೆ, ಅಂಥದ್ದನ್ನು ಅಲ್ಲೇ ಬಿಟ್ಟುಬಿಡಿ. ಆಮೇಲೆ ಪಾಠದ ಕೊನೆಯಲ್ಲಿ ಉತ್ತರವಿಲ್ಲದ ಲೆಕ್ಕಗಳಿವೆಯೇ ನೋಡಿ. ಇಂಗ್ಲಿಷ್ ತೊಡಕಾಗುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ಚಿಕ್ಕ ಚಿಕ್ಕ ಪಾಠಗಳು. ಪರದೆಯ ಒಂದು ಪಕ್ಕ ಪಾಠ, ಇನ್ನೊಂದು ಪಕ್ಕ ನಿಮ್ಮ ಕೆಲಸ ಇಟ್ಟುಕೊಂಡು ಮಾಡುವಂತೆ ಅವನ್ನು ಸಿದ್ಧಪಡಿಸಿದ್ದಾರೆ. ವಾರವಾರ ಯಾರಾದರೂ ಲೆಕ್ಕ ಕೊಟ್ಟು ಗಡುವು ಹಾಕಿದರೆ ಮಾತ್ರ ಕೂರುತ್ತೇನೆ ಅನ್ನುವವರಿಗೆ ಐಐಟಿ, ಐಐಎಸ್‌ಸಿಗಳು ಆನ್‌ಲೈನಿನಲ್ಲಿ ನಡೆಸುವ ಎನ್‌ಪಿಟೆಲ್ ಕೋರ್ಸ್ ಒಗ್ಗುತ್ತದೆ. ಯಾವುದನ್ನೇ ಹಿಡಿಯಿರಿ, ಒಂದನ್ನೇ ಹಿಡಿಯಿರಿ. ಮೂರು ಟ್ಯುಟೋರಿಯಲ್‌ಗಳ ಮೊದಲ ಐದು ಪಾಠ ನೋಡಿದವರಿಗೆ ಅದೇ ಐದು ಪಾಠ ಮೂರು ಸಲ ಆಗಿರುತ್ತದೆ, ಅಷ್ಟೆ.

ಪ್ರತಿ ಪಾಠದ ನಂತರ ಖಾಲಿ ಫೈಲ್ ಪರೀಕ್ಷೆ ಮಾಡಿ. ವಿಡಿಯೋ ಮುಚ್ಚಿ, ಪಾಠದಲ್ಲಿ ಬರೆದ ಫೈಲನ್ನೂ ಮುಚ್ಚಿ, ಹೊಸ ಫೈಲ್ ತೆರೆದು ಅದೇ ಪ್ರೋಗ್ರಾಮನ್ನು ಇಪ್ಪತ್ತು ನಿಮಿಷದೊಳಗೆ ನೆನಪಿನಿಂದ ಬರೆಯಿರಿ. ಓಡಿದರೆ ಒಂದು ಅಂಶ ಬದಲಾಯಿಸಿ: ಪಾಠದಲ್ಲಿ ಅತಿ ದೊಡ್ಡ ಸಂಖ್ಯೆ ಹುಡುಕಿದ್ದರೆ ನೀವು ಎರಡನೆಯ ದೊಡ್ಡದನ್ನು ಹುಡುಕಿ. ಆಗದಿದ್ದರೆ ಮುಂದಿನ ವಿಡಿಯೋಗೆ ಹೋಗಬೇಡಿ. ಲ್ಯಾಬ್ ರೆಕಾರ್ಡ್ ನೋಡಿಕೊಂಡು ಟೈಪ್ ಮಾಡಿ ಔಟ್‌ಪುಟ್ ತೋರಿಸಿದ ಅಭ್ಯಾಸ ಇರುವವರಿಗೆ ಮೊದಮೊದಲು ಇದು ಬಹಳ ಕಷ್ಟವೆನಿಸುತ್ತದೆ. ಪಾಠದಲ್ಲಿ ಯಾವ ವೇರಿಯಬಲ್ ಬೇಕು, ಲೂಪ್ ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಎಂಬುದನ್ನೆಲ್ಲ ಮೇಷ್ಟ್ರೇ ತೀರ್ಮಾನಿಸಿರುತ್ತಾರೆ. ಅವರಿಗೆ ಬಂದ ಎರರ್‌ಗಳನ್ನು ಕತ್ತರಿಸಿ ತೆಗೆದ ಮೇಲಿನ ವಿಡಿಯೋ ನಿಮ್ಮ ಮುಂದಿರುತ್ತದೆ. ತೀರ್ಮಾನ ಮಾಡುವ ಅಭ್ಯಾಸ ನಿಮಗೆ ಖಾಲಿ ಫೈಲಿನಲ್ಲಿ ಮಾತ್ರ ಬರುವುದು.

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ಮೊಬೈಲಿನಲ್ಲಿ ಪಾಠ ನೋಡಿ ಆ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಹಿಡಿಯಬೇಡಿ. ರೈಲಿನಲ್ಲಿ ನೋಡಿದ್ದು ಪರಿಚಯ ಮಾತ್ರ. ಸಂಜೆ ಮನೆಯಲ್ಲಿ ಕೀಬೋರ್ಡ್ ಮುಂದೆ ಕೂತ ಗಂಟೆಯೇ ಗಂಟೆ. ರೈಲಿನ ಹೊತ್ತನ್ನು ಮಾರನೆಯ ದಿನದ ಪಾಠದ ಮೇಲೆ ಒಮ್ಮೆ ಕಣ್ಣಾಡಿಸಲು, ಇಲ್ಲವೇ ನಿನ್ನೆ ಬಂದ ಎರರಿನ ಅರ್ಥ ಹುಡುಕಲು ಬಳಸಿ.

ಮೊದಲ ಪ್ರಾಜೆಕ್ಟ್ ಎಷ್ಟು ದೊಡ್ಡದಿರಬೇಕು

ಒಂದೇ ಫೈಲ್, ನೂರು ಸಾಲಿನೊಳಗೆ, ಎಂಟು ಗಂಟೆಯಲ್ಲಿ ಮುಗಿಯುವಂಥದ್ದು. ಲಾಗಿನ್, ವೆಬ್‌ಸೈಟ್, ಡೇಟಾಬೇಸ್, ಬಟನ್ ಯಾವುದೂ ಬೇಡ. ಇದರಲ್ಲಿ ಲಾಗಿನ್ ಬೇಡ ಅನ್ನುವುದನ್ನು ಗಟ್ಟಿಯಾಗಿ ಹಿಡಿಯಿರಿ, ಕಾರಣ ಮುಂದೆ ಬರುತ್ತದೆ. ಉತ್ತರ ಸರಿಯಿದೆಯೇ ಎಂದು ತಾಳೆ ನೋಡಲು ಹೊರಗೆ ಒಂದು ಕಾಗದ ಇರಬೇಕು: ಕಬ್ಬಿನ ತೂಕದ ಚೀಟಿ, ಅಂಗಡಿಯ ಸಾಲದ ಪುಸ್ತಕ, ರೂಮಿನ ಹುಡುಗರ ಮೆಸ್ ಖರ್ಚು, ಹಾಲಿನ ಡೈರಿ ಪಾಸ್‌ಬುಕ್. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಆರಂಭಿಕರಿಗೆ ಐವತ್ತು ಪ್ರಾಜೆಕ್ಟ್’ ಪಟ್ಟಿಗಳಲ್ಲಿ ಹೆಚ್ಚಿನವಕ್ಕೆ ಇಂಥ ಕಾಗದ ಇರುವುದಿಲ್ಲ. ಓಡಿತು ಅಂದರೆ ಸರಿಯಾಯಿತು ಅಂದುಕೊಂಡು ಬಿಡುತ್ತೇವೆ.

ಡೈರಿ ಪಾಸ್‌ಬುಕ್ಕನ್ನೇ ಹಿಡಿಯೋಣ. ಅವ್ವ ದಿನಾ ಎರಡು ಹೊತ್ತು ಹಾಲು ಹಾಕುತ್ತಾರೆ. ‘ಈ ಸಲದ ಬಟವಾಡೆ ಎಷ್ಟ್ ಬತ್ತದಪ್ಪ?’ ಎಂದು ಕೇಳುತ್ತಾರೆ. ಪ್ರಾಜೆಕ್ಟ್ ಉತ್ತರಿಸಬೇಕಾದ್ದು ಈ ಒಂದೇ ಪ್ರಶ್ನೆಗೆ. ಮೊದಲು ಕಾಗದದ ಮೇಲೆ ಕಾಲಂ ಹಾಕಿ: ದಿನಾಂಕ, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್, ದರ, ಮೊತ್ತ. ಒಂದು ವಾರಕ್ಕೆ ಹದಿನಾಲ್ಕು ಸಾಲು. ಅಷ್ಟನ್ನೂ ಕ್ಯಾಲ್ಕ್ಯುಲೇಟರಿನಲ್ಲಿ ಲೆಕ್ಕ ಹಾಕಿ ಉತ್ತರ ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಮುಟ್ಟುವುದು ಆಮೇಲೆ.

ಮೊದಲ ದಿನ ಒಂದೇ ಲೆಕ್ಕ ಮಾಡಿಸಿ. ಲೀಟರ್ ಕೇಳಿ, ದರ ಕೇಳಿ, ಗುಣಿಸಿ ತೋರಿಸಬೇಕು. 5.4 ಎಂದೂ 35.50 ಎಂದೂ ಕೊಟ್ಟರೆ 191.70 ಬರಬೇಕು. ಬರುವುದಿಲ್ಲ, ಟೈಪ್ ಎರರ್ ಬರುತ್ತದೆ. ಪೈಥಾನಿನ ಇನ್‌ಪುಟ್ ಏನೇ ತಂದರೂ ಅಕ್ಷರವೆಂದೇ ತರುತ್ತದೆ. ಅದನ್ನು ಫ್ಲೋಟ್, ಅಂದರೆ ದಶಾಂಶ ಸಂಖ್ಯೆ, ಆಗಿ ಬದಲಿಸದೆ ಗುಣಿಸಲು ಹೋದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಇದು ಕೂಗುವ ತಪ್ಪು. ಯಾವ ಪಾಠವೂ ಇದನ್ನು ಇಷ್ಟು ಚೆನ್ನಾಗಿ ಮನದಟ್ಟು ಮಾಡುವುದಿಲ್ಲ.

ಈಗ ಬೆಳಿಗ್ಗೆಯ 5.4 ಲೀಟರಿಗೆ ಸಂಜೆಯ 4.8 ಕೂಡಿಸಿ, ಫ್ಲೋಟ್ ಮಾಡುವುದನ್ನು ಮರೆಯಿರಿ. ಎರರ್ ಬರುವುದಿಲ್ಲ. 5.44.8 ಎಂದು ಬರುತ್ತದೆ, ಅಕ್ಷರಕ್ಕೆ ಅಕ್ಷರ ಅಂಟಿಕೊಂಡು. ದಶಾಂಶ ಇಲ್ಲದೆ 5 ಮತ್ತು 4 ಕೊಟ್ಟಿದ್ದರೆ 9ರ ಬದಲು 54 ಬರುತ್ತಿತ್ತು. 54 ಲೀಟರ್ ಅನ್ನುವುದು ನೋಡುವುದಕ್ಕೆ ಸರಿಯಾದ ಸಂಖ್ಯೆಯಂತೆಯೇ ಇದೆ. ಇದು ಸುಮ್ಮನಿರುವ ತಪ್ಪು. ಗುಣಾಕಾರದಲ್ಲಿ ಕೂಗಿದ ಅದೇ ಅಜ್ಞಾನ ಕೂಡುವುದರಲ್ಲಿ ಬಾಯಿ ಬಿಡಲಿಲ್ಲ. ಕ್ಯಾಲ್ಕ್ಯುಲೇಟರಿನಲ್ಲಿ ಮೊದಲೇ ಉತ್ತರ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಎರಡನೆಯ ದಿನ ಹದಿನಾಲ್ಕು ಸಾಲು ಲಿಸ್ಟಿಗೆ, ಮೂರನೆಯ ದಿನ ಸಿಎಸ್‌ವಿ ಫೈಲಿಗೆ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸಾದಾ ಫೈಲ್), ನಾಲ್ಕನೆಯ ದಿನ ಫೈಲಿನಿಂದ ಓದಿ ಒಟ್ಟು ಮೊತ್ತ. ಈ ಹಂತದಲ್ಲಿ ಪಾಸ್‌ಬುಕ್ಕಿಗೂ ನಿಮ್ಮ ಉತ್ತರಕ್ಕೂ ಕೆಲವು ಪೈಸೆ ವ್ಯತ್ಯಾಸ ಬರಬಹುದು. ಅದನ್ನು ‘ಇರಲಿ ಬಿಡು’ ಎಂದು ಬಿಡಬೇಡಿ, ಈ ಪ್ರಾಜೆಕ್ಟಿನ ತಿರುಳೇ ಅಲ್ಲಿದೆ. ಉದಾಹರಣೆಗೆ ದರ 35.27, ಪ್ರತಿ ಹೊತ್ತಿಗೂ 5.2 ಲೀಟರ್ ಅಂದುಕೊಳ್ಳಿ. ಒಂದು ಹೊತ್ತಿನ ಮೊತ್ತ 183.404. ಪುಸ್ತಕದಲ್ಲಿ ಪ್ರತಿ ಸಾಲನ್ನೂ ಪೈಸೆಗೆ ಸರಿಹೊಂದಿಸಿ 183.40 ಎಂದು ಬರೆದರೆ ಹದಿನಾಲ್ಕು ಸಾಲಿಗೆ 2567.60 ಆಗುತ್ತದೆ. ನಿಮ್ಮ ಪ್ರೋಗ್ರಾಂ ಎಲ್ಲವನ್ನೂ ಕೂಡಿ ಕೊನೆಯಲ್ಲಿ ಒಮ್ಮೆ ಸರಿಹೊಂದಿಸಿದರೆ 2567.66. ಆರು ಪೈಸೆ. ಲೆಕ್ಕ ಎರಡೂ ಕಡೆ ಸರಿಯೇ. ಸಾಲುಸಾಲಿಗೆ ಸರಿಹೊಂದಿಸಬೇಕೋ ಕೊನೆಗೋ ಅನ್ನುವುದು ಲೆಕ್ಕ ಇಡುವವರ ನಿಯಮ. ಆ ನಿಯಮವನ್ನು ಕೇಳಿ ತಿಳಿದು ಹಾಗೆಯೇ ಬರೆಯುವುದು ಪ್ರೋಗ್ರಾಮರನ ಕೆಲಸ.

ಇಲ್ಲಿಗೆ ಬಂದ ಮೇಲೆ ಪ್ರಾಜೆಕ್ಟ್ ನಿಲ್ಲಿಸಿ ಒಂದು ಗಂಟೆ ಟ್ಯುಟೋರಿಯಲ್‌ಗೆ ಹೋಗಿ, ಏಕೆಂದರೆ ಫ್ಲೋಟ್ ಅನ್ನುವುದು ಸುಮ್ಮನಿರುವ ತಪ್ಪುಗಳ ಗೂಡು. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಕಂಪ್ಯೂಟರ್ ದಶಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ 0.1 ಅದಕ್ಕೆ ಪೂರ್ತಿಯಾಗಿ ದಕ್ಕುವುದಿಲ್ಲ. ರೌಂಡ್ ಎಂದು 2.5 ಕೊಟ್ಟರೆ 2 ಬರುತ್ತದೆ, 3.5 ಕೊಟ್ಟರೆ 4. ಸರಿಯಾಗಿ ಅರ್ಧ ಇದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ಕ್ರಮ. ಶಾಲೆಯಲ್ಲಿ ಕಲಿತದ್ದು ಇದಲ್ಲ. ಹಣದ ಲೆಕ್ಕಕ್ಕೆ ಡೆಸಿಮಲ್ ಎಂಬ ಮಾಡ್ಯೂಲ್ ಇದೆ. ಇಲ್ಲವೇ ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡು ತೋರಿಸುವಾಗ ಮಾತ್ರ ನೂರರಿಂದ ಭಾಗಿಸಬೇಕು. ಇದನ್ನು ಹತ್ತು ಪ್ರಾಜೆಕ್ಟ್ ಮಾಡಿದರೂ ತಾನಾಗಿ ಕಲಿಯಲಾರಿರಿ, ಯಾರಾದರೂ ಹೇಳಬೇಕು.

ಕನ್ನಡ ಅಕ್ಷರ ಬಂದ ಕೂಡಲೇ ಇನ್ನೊಂದು ಗೂಡು. ಹೆಸರನ್ನು ಕನ್ನಡದಲ್ಲಿ ಬರೆದು ಕಾಲಂ ಸಾಲಾಗಿ ನಿಲ್ಲಿಸಲು ಹೋದರೆ ಸೊಟ್ಟಗಾಗುತ್ತದೆ. ‘ಮಂಡ್ಯ’ ಎಂಬ ಪದದ ಉದ್ದ ಎಷ್ಟು ಎಂದು ಪೈಥಾನನ್ನು ಕೇಳಿದರೆ 5 ಅನ್ನುತ್ತದೆ. ಕಣ್ಣಿಗೆ ಕಾಣುವುದು ಮಂ, ಡ್ಯ ಎರಡೇ. ಒಳಗೆ ಮ, ಸೊನ್ನೆ, ಡ, ಹಲಂತದ ಗುರುತು, ಯ ಎಂದು ಐದು ತುಂಡು ಕೂತಿವೆ. ಮೊದಲ ನಾಲ್ಕು ಅಕ್ಷರ ಸಾಕು ಎಂದು ಕತ್ತರಿಸಿದರೆ ‘ಮಂಡ್’ ಎಂದು ಉಳಿಯುತ್ತದೆ, ಎರರ್ ಇಲ್ಲ. ಅಕ್ಷರಗಳನ್ನು ಫೈಲಿನಲ್ಲಿ ಸಂಖ್ಯೆಗಳಾಗಿ ಇಡುವ ಕ್ರಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಫೈಲ್ ಬರೆಯುವಾಗ ಯುಟಿಎಫ್-8 ಎಂಬ ಎನ್‌ಕೋಡಿಂಗ್ ಬೇಕೆಂದು ಸ್ಪಷ್ಟವಾಗಿ ಹೇಳದಿದ್ದರೆ ವಿಂಡೋಸ್‌ನಲ್ಲಿ ತನ್ನದೇ ಹಳೆಯ ಎನ್‌ಕೋಡಿಂಗ್ ಬಳಸಲು ಹೋಗಿ ಕನ್ನಡ ಬರೆಯಲಾಗದೆ ಎರರ್ ಕೊಡಬಹುದು. ಅದಾದರೂ ಕೂಗುತ್ತದೆ, ಪುಣ್ಯ. ಅದೇ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಗುರುತುಗಳು ಕಂಡರೆ, ಬರೆಯುವಾಗ ಯುಟಿಎಫ್-8-ಸಿಗ್ ಎಂದು ಕೊಡಿ. ಫೈಲಿನ ಮೊದಲಲ್ಲಿ ಒಂದು ಗುರುತು ಸೇರಿ ಎಕ್ಸೆಲ್ ಸರಿಯಾಗಿ ಓದಿಕೊಳ್ಳುತ್ತದೆ. ಅಂದಹಾಗೆ, ಯಾರಾದರೂ ಕನ್ನಡದ ಅಂಕಿಯಲ್ಲೇ ೫.೪ ಎಂದು ಟೈಪ್ ಮಾಡಿದರೂ ಪೈಥಾನಿನ ಫ್ಲೋಟ್ ಅದನ್ನು ಒಪ್ಪಿಕೊಳ್ಳುತ್ತದೆ. ಅದಕ್ಕಾಗಿ ಏನೂ ಬರೆಯಬೇಕಿಲ್ಲ.

ಪ್ರಾಜೆಕ್ಟೇ ವಾಪಸ್ ಪಾಠಕ್ಕೆ ಕಳಿಸುವ ಗುರುತುಗಳು

ಬರೀ ಪ್ರಾಜೆಕ್ಟ್ ಮಾಡುತ್ತಾ ಹೋಗುವವರಿಗೂ ಒಂದು ಅಪಾಯವಿದೆ. ಗೊತ್ತಿರುವ ಮೂರು ಹತಾರದಲ್ಲೇ ಎಲ್ಲವನ್ನೂ ಕಟ್ಟುತ್ತಾರೆ. ಕೆಲಸ ನಡೆಯುತ್ತದೆ, ಅದಕ್ಕೇ ಅದು ತಪ್ಪೆಂದು ಗೊತ್ತಾಗುವುದಿಲ್ಲ. ಆದ್ದರಿಂದ ನಿಮ್ಮ ಕೋಡನ್ನೇ ವಾರಕ್ಕೊಮ್ಮೆ ಓದಿ ನೋಡಿ. ಹಾಲು1, ಹಾಲು2, ಹಾಲು3 ಎಂದು ವೇರಿಯಬಲ್‌ಗಳಿಗೆ ಅಂಕಿ ಹಾಕಲು ಶುರುಮಾಡಿದ್ದರೆ ಲಿಸ್ಟ್ ಪಾಠಕ್ಕೆ ವಾಪಸ್ ಹೋಗಿ. ಅದೇ ನಾಲ್ಕು ಸಾಲನ್ನು ಮೂರನೆಯ ಸಲ ಕಾಪಿ ಮಾಡಿ ಅಂಟಿಸುತ್ತಿದ್ದರೆ ಫಂಕ್ಷನ್ ಪಾಠ. ಹೆಸರುಗಳದೊಂದು ಲಿಸ್ಟ್, ಮೊತ್ತಗಳದೊಂದು ಲಿಸ್ಟ್ ಇಟ್ಟುಕೊಂಡು, ಒಂದರಲ್ಲಿ ಅಳಿಸಿ ಇನ್ನೊಂದರಲ್ಲಿ ಮರೆತು, ಒಬ್ಬರ ದುಡ್ಡು ಇನ್ನೊಬ್ಬರ ಹೆಸರಿಗೆ ಹೋದರೆ ಡಿಕ್ಷನರಿ. ಸಿಎಸ್‌ವಿಯ ನಡುವಿನ ಒಂದು ಸಾಲು ತಿದ್ದಲು ಇಡೀ ಫೈಲನ್ನು ಮತ್ತೆ ಬರೆಯುವುದು ರೇಜಿಗೆಯಾದ ದಿನ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಪಾಠ ತೆರೆಯಿರಿ, ಅದಕ್ಕೂ ಮುಂಚೆ ಬೇಡ. ಹೀಗೆ ಹಸಿದು ಹೋದ ಪಾಠ ಒಂದು ಗಂಟೆಯಲ್ಲಿ ತಲೆಗೆ ಹತ್ತುತ್ತದೆ.

ಪ್ರಾಜೆಕ್ಟಿನ ನಡುವೆ ಸಿಕ್ಕಿಕೊಂಡಾಗ ನಲವತ್ತು ನಿಮಿಷ ಗಡಿಯಾರ ನೋಡಿಕೊಂಡು ಹೆಣಗಾಡಿ. ಅಷ್ಟರಲ್ಲಿ ಬಗೆಹರಿಯದಿದ್ದರೆ ತೊಡಕನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಬರ್ತಿಲ್ಲ’ ಎಂದಲ್ಲ, ‘ಸಿಎಸ್‌ವಿಯ ಮೂರನೆಯ ಕಾಲಂ ಓದಿದಾಗ ಅಂಕಿಯ ಹಿಂದೆ ಒಂದು ಖಾಲಿ ಜಾಗ ಬರುತ್ತಿದೆ’ ಎಂದು. ವಾಕ್ಯ ಬರೆಯಲು ಆದರೆ ಹುಡುಕಿದರೆ ಸಿಗುತ್ತದೆ. ಬರೆಯಲಾಗದಿದ್ದರೆ ಹೆಸರು ಗೊತ್ತಿಲ್ಲದ್ದೇನೋ ಇದೆ ಎಂದರ್ಥ, ಪಾಠಕ್ಕೆ ಹೋಗಿ. ಎಐ ಚಾಟ್‌ಬಾಟ್ ಬಳಸುವವರು ‘ಈ ಎರರಿನ ಅರ್ಥವೇನು, ಎಲ್ಲಿ ನೋಡಲಿ’ ಎಂದು ಕೇಳಿ. ಕೋಡ್ ಬರೆದುಕೊಡು ಅಂದರೆ ಅದು ಬರೆದುಕೊಡುತ್ತದೆ, ಪ್ರಾಜೆಕ್ಟ್ ಮುಗಿಯುತ್ತದೆ, ನೀವು ಇದ್ದಲ್ಲೇ ಇರುತ್ತೀರಿ.

ಎರಡನೆಯ ಪ್ರಾಜೆಕ್ಟಿಗೆ ಕಟ್ಟೆಯ ನೀರು

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ನಮ್ಮ ಕಡೆಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಮೂವತ್ತು ದಿನ ಕೈಯಲ್ಲೇ ಬರೆದುಕೊಳ್ಳಿ. ಗರಿಷ್ಠ ಮಟ್ಟ 124.80 ಅಡಿ. ಮಟ್ಟ ಇದಕ್ಕಿಂತ ಮೇಲೆ ಬಂದರೆ ಟೈಪ್ ಮಾಡಿದ್ದು ತಪ್ಪು, ಪ್ರೋಗ್ರಾಂ ಒಪ್ಪಬಾರದು. 112.40ರ ಬದಲು 11.240 ಎಂದು ಹೊಡೆದರೆ ಅದನ್ನೂ ಹಿಡಿಯಬೇಕು, ಹಿಂದಿನ ದಿನಕ್ಕಿಂತ ಐದಾರು ಅಡಿ ವ್ಯತ್ಯಾಸ ಬಂದರೆ ‘ಸರಿಯೇ?’ ಎಂದು ಮತ್ತೆ ಕೇಳಿಸಿ. ಸುಮ್ಮನಿರುವ ತಪ್ಪನ್ನು ಕೂಗುವ ತಪ್ಪಾಗಿ ಮಾಡುವ ವಿದ್ಯೆ ಇದು. ಇಲ್ಲಿಂದ ಮುಂದೆ ಪ್ರತಿ ಪ್ರಾಜೆಕ್ಟಿನಲ್ಲೂ ಇರಲಿ.

ಹರಿವು ಕ್ಯೂಸೆಕ್‌ನಲ್ಲಿರುತ್ತದೆ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ದಿನವಿಡೀ ಸುಮಾರು 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಈ ಸಂಖ್ಯೆ ಬರುವಂತೆ ಫಂಕ್ಷನ್ ಬರೆದು ಮೊದಲು ಅದನ್ನೇ ಪರೀಕ್ಷಿಸಿ, ಆಮೇಲೆ ಪತ್ರಿಕೆಯ ಅಂಕಿ ಕೊಡಿ.

ದಿನಾಂಕದಲ್ಲಿ ಎಡವುತ್ತೀರಿ. 31/07/2025 ಮತ್ತು 01/08/2025 ಎಂದು ಅಕ್ಷರವಾಗಿ ಇಟ್ಟು ಕ್ರಮಕ್ಕೆ ಜೋಡಿಸಿದರೆ ಆಗಸ್ಟ್ ಒಂದು ಮೊದಲು ಬಂದು ಕೂರುತ್ತದೆ, 0 ಎಂಬುದು 3ಕ್ಕಿಂತ ಮುಂಚೆ ಬರುವುದರಿಂದ. ಎರರ್ ಇಲ್ಲ, ಗ್ರಾಫ್ ಮಾತ್ರ ಗರಗಸದ ಹಾಗೆ ಏರಿಳಿಯುತ್ತದೆ. ಫೈಲಿನಲ್ಲಿ 2025-07-31 ಎಂದು ವರ್ಷ ಮೊದಲು ಬರುವಂತೆ ಇಟ್ಟರೆ ಅಕ್ಷರವಾಗಿ ಜೋಡಿಸಿದರೂ ಸರಿಯಾಗುತ್ತದೆ. ತೋರಿಸುವಾಗ ನಮ್ಮ ರೂಢಿಯಂತೆ ತಿರುಗಿಸಿಕೊಳ್ಳಿ.

ಪ್ರಾಜೆಕ್ಟಿನಲ್ಲಿ ಕಲಿಯಲೇ ಬಾರದವು

ಪೈಥಾನ್ ಮತ್ತು ಎಡಿಟರ್ ಇನ್‌ಸ್ಟಾಲ್ ಮಾಡುವುದು, ಕೋಡಿನ ಹಳೆಯ ಸ್ಥಿತಿಗಳನ್ನು ಉಳಿಸಿಡುವ ಗಿಟ್‌ನ ಮೊದಲ ಐದಾರು ಆಜ್ಞೆ: ಇವನ್ನು ಪಾಠದಲ್ಲಿ ಹೇಳಿದ ಹಾಗೆ ಸಾಲು ತಪ್ಪದೆ ಮಾಡಿ. ಹುಡುಕಾಡಿ ಕಲಿಯುವುದರಿಂದ ಏನೂ ಸಿಗುವುದಿಲ್ಲ, ಎರಡು ದಿನ ಹಾಳಾಗುತ್ತದೆ. ಗಿಟ್ ಬೇಗ ಕಲಿಯಿರಿ. ಹಳ್ಳಿಯಲ್ಲಿ ಕರೆಂಟ್ ಹೋದಾಗ, ಕೋಡ್ ಕೆಟ್ಟಾಗ, ನಿನ್ನೆ ಓಡುತ್ತಿದ್ದ ಸ್ಥಿತಿಗೆ ವಾಪಸ್ ಹೋಗಲು ಅದೇ ದಾರಿ.

ಲಾಗಿನ್ ಬೇಡ ಎಂದ ಕಾರಣಕ್ಕೆ ಈಗ ಬರೋಣ. ಪಾಸ್‌ವರ್ಡನ್ನು ಇದ್ದ ಹಾಗೇ ಫೈಲಿನಲ್ಲಿ ಬರೆದಿಟ್ಟರೂ ಲಾಗಿನ್ ಕೆಲಸ ಮಾಡುತ್ತದೆ. ಸಾವಿರ ಸಲ ಓಡಿಸಿದರೂ ಎರರ್ ಬರುವುದಿಲ್ಲ. ಫೈಲ್ ಬೇರೆಯವರ ಕೈಗೆ ಸಿಕ್ಕ ದಿನ ಎಲ್ಲರ ಪಾಸ್‌ವರ್ಡೂ ಹೋಗುತ್ತದೆ, ಬಹಳ ಜನ ಅದೇ ಪಾಸ್‌ವರ್ಡನ್ನು ಬೇರೆ ಕಡೆಯೂ ಇಟ್ಟಿರುತ್ತಾರೆ. ಡೇಟಾಬೇಸಿಗೆ ಕಳಿಸುವ ಎಸ್‌ಕ್ಯೂಎಲ್ ವಾಕ್ಯದೊಳಗೆ ಬಳಕೆದಾರರು ಟೈಪ್ ಮಾಡಿದ್ದನ್ನು ಹಾಗೇ ಅಂಟಿಸುವುದೂ ಇದೇ ಜಾತಿ. ಒಳ್ಳೆಯವರು ಹೆಸರು ಬರೆಯುವವರೆಗೆ ನಡೆಯುತ್ತದೆ, ಕೆಟ್ಟವರು ಹೆಸರಿನ ಜಾಗದಲ್ಲಿ ಎಸ್‌ಕ್ಯೂಎಲ್ ಆಜ್ಞೆಯನ್ನೇ ಬರೆದರೆ ಟೇಬಲ್ ಬರಿದಾಗಬಹುದು. ಪಾಸ್‌ವರ್ಡ್‌ಗೆ ಹ್ಯಾಶಿಂಗ್ (ಮೂಲ ಪಾಸ್‌ವರ್ಡ್ ವಾಪಸ್ ಸಿಗದಂತೆ ಬದಲಿಸಿ ಇಡುವುದು), ಎಸ್‌ಕ್ಯೂಎಲ್‌ಗೆ ಪ್ಯಾರಾಮೀಟರ್ (ಟೈಪ್ ಮಾಡಿದ್ದನ್ನು ಆಜ್ಞೆಗೆ ಬೆರೆಸದೆ ಬೇರೆಯಾಗಿ ಕಳಿಸುವುದು) ಬಳಸುವುದನ್ನು ಪಾಠದಲ್ಲಿ ಪೂರ್ತಿ ಕಲಿತ ಮೇಲೆಯೇ ಬೇರೆಯವರ ಮಾಹಿತಿ ಇರುವ ಪ್ರಾಜೆಕ್ಟಿಗೆ ಕೈ ಹಾಕಿ. ಇದರಲ್ಲಿ ರಿಯಾಯಿತಿ ಇಲ್ಲ.

ವಾರದ ಹತ್ತು ಗಂಟೆ

ವಾರಕ್ಕೆ ಹತ್ತು ಗಂಟೆ ಸಿಗುವುದಾದರೆ ಮೊದಲ ತಿಂಗಳು ಆರು ಗಂಟೆ ಪಾಠ, ನಾಲ್ಕು ಗಂಟೆ ಪ್ರಾಜೆಕ್ಟ್. ಖಾಲಿ ಫೈಲ್ ಪರೀಕ್ಷೆಯ ಹೊತ್ತು ಪಾಠದ ಲೆಕ್ಕಕ್ಕೆ. ಎರಡನೆಯ ತಿಂಗಳಿಂದ ತಿರುಗಿಸಿ: ಮೂರು ಗಂಟೆ ಪಾಠ, ಏಳು ಪ್ರಾಜೆಕ್ಟ್. ಕಾಲೇಜಿನ ಪರೀಕ್ಷೆ ಬಂದಾಗ ಪಾಠ ಬಿಡಿ, ಪ್ರಾಜೆಕ್ಟಿಗೆ ದಿನಕ್ಕೆ ಇಪ್ಪತ್ತು ನಿಮಿಷವಾದರೂ ಕೊಡಿ. ಎರಡು ವಾರ ಬಿಟ್ಟ ಕೋಡನ್ನು ಮತ್ತೆ ಅರ್ಥ ಮಾಡಿಕೊಳ್ಳಲು ಒಂದು ಸಂಜೆ ಹೋಗುತ್ತದೆ.

ಪ್ರಾಜೆಕ್ಟ್ ಮುಗಿಯಿತು ಅನ್ನಬೇಕಾದರೆ ನೀವು ಪಕ್ಕದಲ್ಲಿ ಇಲ್ಲದಾಗ ಇನ್ನೊಬ್ಬರು ಅದನ್ನು ಒಂದು ಬಟವಾಡೆಯಷ್ಟು ದಿನ ಬಳಸಿರಬೇಕು. ಅವ್ವನ ಕೈಗೆ ಕೊಟ್ಟು ನೋಡಿ. ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ 5,4 ಎಂದು ಒತ್ತುತ್ತಾರೆ. ಹಾಲು ಹಾಕದ ಹೊತ್ತಿಗೆ ಏನೂ ಬರೆಯದೆ ಎಂಟರ್ ಒತ್ತುತ್ತಾರೆ. ಇವೆರಡಕ್ಕೂ ವ್ಯಾಲ್ಯೂ ಎರರ್ ಬಂದು ಪ್ರೋಗ್ರಾಂ ನಿಂತುಹೋಗುತ್ತದೆ, ತಿದ್ದುವುದು ಅರ್ಧ ಗಂಟೆಯ ಕೆಲಸ. ಬರೆದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಅದೇ ಸಂಜೆಯ ಹಾಲನ್ನು ಎರಡು ಸಲ ಬರೆದರೆ ಮಾತ್ರ ಯಾವ ಎರರೂ ಬರುವುದಿಲ್ಲ, ಬಟವಾಡೆ ಹೆಚ್ಚು ತೋರಿಸುತ್ತದೆ. ದಿನಾಂಕ ಮತ್ತು ಹೊತ್ತು ಎರಡೂ ಸೇರಿದ ಕೀ ಇಟ್ಟು, ಅದು ಮೊದಲೇ ಇದ್ದರೆ ಹಳೆಯದನ್ನು ತೋರಿಸಿ ‘ಬದಲಾಯಿಸಲೇ?’ ಎಂದು ಕೇಳಿಸಿ. ಹಾಗೆ ಮಾಡುವುದು ಹೇಗೆಂದು ತಿಳಿಯದಿದ್ದರೆ ಮುಂದಿನ ವಾರದ ಮೂರು ಗಂಟೆ ಡಿಕ್ಷನರಿ ಪಾಠಕ್ಕೆ.